ಗಣಿತ ಇನ್ನೂ ಮುಗಿದಿಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಶುದ್ಧ ಗಣಿತದಲ್ಲಿ ಈಗೀಗ ಏನು ನಡೀತಾ ಇದೆ ಅನ್ನುವ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಮಂಜೇಶ್ವರದಿಂದ ಹೊಸದುರ್ಗದವರೆಗೆ ಕಾಸರಗೋಡಿನ ಮೂಲೆಮೂಲೆಯಿಂದ ಪತ್ರ, ವಾಟ್ಸಾಪ್ ಬಂದಿವೆ. ತಮಿಳುನಾಡಿನ ತಾಳವಾಡಿಯಿಂದಲೂ ಒಂದು ಬಂದಿದೆ. ಮೊದಲೇ ಒಂದು ಮಾತು. ಕೆಳಗೆ ಹಲವು ಕಡೆ ಗ್ರಾಫ್ ಅಂತ ಬರುತ್ತದೆ. ಅದು ಶಾಲೆಯ ಗ್ರಾಫ್ ಶೀಟ್ ಅಲ್ಲ. ಒಂದಷ್ಟು ಚುಕ್ಕೆಗಳು, ಅವುಗಳಲ್ಲಿ ಕೆಲವನ್ನು ಜೋಡಿಸುವ ಗೆರೆಗಳು, ಅಷ್ಟೇ.

ಪ್ರಶ್ನೆ: ಮಾಸ್ಟ್ರೇ, ನಾನು ಅಂಗಳಕ್ಕೆ ಇಂಟರ್‌ಲಾಕ್ ಹಾಸುವ ಕೆಲಸದವನು. ಎಷ್ಟು ಹಾಸಿದರೂ ಡಿಸೈನ್ ರಿಪೀಟ್ ಆಗದ ಒಂದು ಆಕಾರ ಸಿಕ್ಕಿದೆ ಅಂತ ಮಗ ಮೊಬೈಲಲ್ಲಿ ತೋರಿಸಿದ. ನಿಜವಾ? ಅದನ್ನು ಹಾಸಬಹುದಾ? (ಕುಂಬಳೆಯಿಂದ)

ಉತ್ತರ: ನಿಜ. ಹಾಸಲೂಬಹುದು. ಆದರೆ ಅಚ್ಚು ಮಾಡಿಸುವ ಮೊದಲು ಇದನ್ನು ಪೂರ್ತಿ ಓದಿ.

ರಿಪೀಟ್ ಆಗುವುದು ಅಂದರೆ ಏನು? ಇಡೀ ಡಿಸೈನನ್ನು ಎತ್ತಿ ಪಕ್ಕಕ್ಕೆ ಸರಿಸಿದರೆ ಅದು ತನ್ನ ಮೇಲೇ ಸರಿಯಾಗಿ ಕೂರುತ್ತದೆ ಅಂತ ಅರ್ಥ. ನೀವು ದಿನಾ ಹಾಸುವ ಕಲ್ಲುಗಳೆಲ್ಲ ಹಾಗೇ. ಈ ಹೊಸ ಆಕಾರದಲ್ಲಿ ಎಷ್ಟು ದೂರ, ಯಾವ ದಿಕ್ಕಿಗೆ ಸರಿಸಿದರೂ ಕೂರುವುದಿಲ್ಲ. ಸಣ್ಣ ಸಣ್ಣ ಗುಂಪುಗಳು ಅಲ್ಲಲ್ಲಿ ಮತ್ತೆ ಕಾಣಿಸುತ್ತವೆ, ಅದು ಬೇರೆ ಮಾತು. ಚೌಕದ ಕಲ್ಲನ್ನೂ ಬೇಕಂತಲೇ ಸಾಲು ತಪ್ಪಿಸಿ ರಿಪೀಟ್ ಆಗದ ಹಾಗೆ ಹಾಸಬಹುದಲ್ವಾ ಅಂತ ನೀವು ಕೇಳಬಹುದು. ಹಾಸಬಹುದು. ಆದರೆ ಚೌಕವನ್ನು ರಿಪೀಟ್ ಮಾಡಿಯೂ ಹಾಸಬಹುದು. ಈ ಆಕಾರದಲ್ಲಿ ನೀವು ಬೇಕೆಂದರೂ ರಿಪೀಟ್ ಮಾಡಲು ಆಗುವುದಿಲ್ಲ. ಆಕಾರವೇ ಬಿಡುವುದಿಲ್ಲ. ವಿಶೇಷ ಇರುವುದು ಅದರಲ್ಲೇ.

ಇಂಥದ್ದು ಇರಲಾರದು ಅಂತ 1961ರಲ್ಲಿ ಹಾವೊ ವಾಂಗ್ ಊಹಿಸಿದ್ದರು. 1966ರಲ್ಲಿ ರಾಬರ್ಟ್ ಬರ್ಗರ್ ಆ ಊಹೆ ಸುಳ್ಳು ಅಂತ ತೋರಿಸಿದರು, ಆದರೆ ಅವರಿಗೆ ಬೇಕಾದದ್ದು 20,426 ಬಗೆಯ ತುಂಡುಗಳು! 1970ರ ದಶಕದಲ್ಲಿ ರೋಜರ್ ಪೆನ್‌ರೋಸ್ ಅದನ್ನು ಎರಡಕ್ಕೆ ತಂದರು. ಎರಡರಿಂದ ಒಂದಕ್ಕೆ ಇಳಿಸಲು ಸುಮಾರು ಐವತ್ತು ವರ್ಷ ಯಾರಿಗೂ ಆಗಲಿಲ್ಲ. ಕೊನೆಗೆ ಕಂಡುಹಿಡಿದದ್ದು ಪ್ರೊಫೆಸರ್ ಅಲ್ಲ, ಇಂಗ್ಲೆಂಡಿನ ಬ್ರಿಡ್ಲಿಂಗ್ಟನ್ ಊರಿನ ಡೇವಿಡ್ ಸ್ಮಿತ್ ಅನ್ನುವ ನಿವೃತ್ತ ಪ್ರಿಂಟಿಂಗ್ ಟೆಕ್ನಿಶಿಯನ್. 2022ರ ನವೆಂಬರಿನಲ್ಲಿ ಅವರು ಕಂಪ್ಯೂಟರಿನಲ್ಲಿ ಆಕಾರ ಜೋಡಿಸಿ, ಆಮೇಲೆ ರಟ್ಟಿನಲ್ಲಿ ಕತ್ತರಿಸಿ ನೋಡುತ್ತಿದ್ದಾಗ ಒಂದು ಆಕಾರ ಎಲ್ಲೂ ರಿಪೀಟ್ ಆಗದೆ, ಎಲ್ಲೂ ಸಂದು ಬಿಡದೆ ಹೋಗುತ್ತಾ ಇತ್ತು. ಕ್ರೇಗ್ ಕಪ್ಲಾನ್, ಜೋಸೆಫ್ ಮೈಯರ್ಸ್, ಚೈಮ್ ಗುಡ್‌ಮನ್ ಸ್ಟ್ರಾಸ್ ಜೊತೆ ಸೇರಿ 2023ರ ಮಾರ್ಚಿನಲ್ಲಿ ಪುರಾವೆ ಸಮೇತ ಪ್ರಕಟಿಸಿದರು. ಅದಕ್ಕೆ ಹ್ಯಾಟ್ ಅಂತ ಹೆಸರು. 13 ಬದಿ ಇದೆ. ಒಂದು ಷಡ್ಭುಜದ ಎದುರುಬದುರು ಬದಿಗಳ ಮಧ್ಯಬಿಂದು ಜೋಡಿಸಿದರೆ ಗಾಳಿಪಟದ ಆಕಾರದ ಆರು ತುಂಡು ಬರುತ್ತವಲ್ಲ, ಅಂಥ ಎಂಟು ತುಂಡು ಅಂಟಿಸಿದರೆ ಹ್ಯಾಟ್.

ಅನಂತ ದೂರಕ್ಕೆ ರಿಪೀಟ್ ಆಗುವುದಿಲ್ಲ ಅಂತ ಹಾಸಿ ನೋಡಿ ಹೇಳಲು ಆಗುವುದಿಲ್ಲ. ಅವರು ಎರಡು ಪುರಾವೆ ಕೊಟ್ಟರು. ಒಂದರಲ್ಲಿ, ಹ್ಯಾಟುಗಳು ಸೇರಿ ನಾಲ್ಕು ಬಗೆಯ ದೊಡ್ಡ ಗುಂಪು ಆಗುತ್ತವೆ, ಆ ಗುಂಪುಗಳು ಸೇರಿ ಇನ್ನೂ ದೊಡ್ಡ ಗುಂಪು, ಹೀಗೆ ಮೇಲೆ ಮೇಲೆ ಹೋಗುತ್ತದೆ. ಇನ್ನೊಂದು ಪುರಾವೆ ನನಗೆ ತುಂಬಾ ಇಷ್ಟ. ಹ್ಯಾಟಿನ ಬದಿಗಳಲ್ಲಿ ಮುಖ್ಯವಾಗಿ ಎರಡು ಅಳತೆ ಇವೆ. ಒಂದು ಅಳತೆಯನ್ನು ಮೆಲ್ಲಗೆ ಕುಗ್ಗಿಸಿ ಸೊನ್ನೆ ಮಾಡಿದರೆ ಒಂದು ಸರಳ ಆಕಾರ ಬರುತ್ತದೆ, ಇನ್ನೊಂದನ್ನು ಸೊನ್ನೆ ಮಾಡಿದರೆ ಮತ್ತೊಂದು. ಹ್ಯಾಟಿನ ಹಾಸು ರಿಪೀಟ್ ಆಗುವುದಾದರೆ ಈ ಎರಡರ ಹಾಸುಗಳೂ ರಿಪೀಟ್ ಆಗಬೇಕು, ಮತ್ತು ಅವೆರಡರ ಅಳತೆಯ ನಡುವೆ 2ರ ವರ್ಗಮೂಲದ ಸಂಬಂಧ ಬರಬೇಕು. ಆ ಹಾಸುಗಳು ಕೂತಿರುವ ತ್ರಿಕೋನದ ಜಾಲದಲ್ಲಿ ಅಂಥ ಸಂಬಂಧ ಸಾಧ್ಯವೇ ಇಲ್ಲ. ನೆಲಕ್ಕೆ ಹಾಸುವ ಪ್ರಶ್ನೆ, ಉತ್ತರ ಬಂದದ್ದು ಸಂಖ್ಯೆಯಿಂದ.

ಈಗ ನಿಮ್ಮ ಕೆಲಸದ ವಿಷಯ. ಹ್ಯಾಟ್ ಹಾಸುವಾಗ ಸುಮಾರು ಎಂಟು ಕಲ್ಲಿಗೆ ಒಂದರಂತೆ ಮಗುಚಿ ಹಾಕಬೇಕಾಗುತ್ತದೆ, ಅಂದರೆ ಕನ್ನಡಿಯಲ್ಲಿ ಕಂಡ ಹಾಗಿನ ಆಕಾರ. ಬಣ್ಣ ಮೇಲ್ಗಡೆ ಮಾತ್ರ ಇರುವ ಇಂಟರ್‌ಲಾಕನ್ನು ಮಗುಚಲು ಆಗುವುದಿಲ್ಲ, ಹಾಗಾಗಿ ಎರಡು ಅಚ್ಚು ಬೇಕು. ಇದೇ ತಕರಾರನ್ನು ಕೆಲವು ಗಣಿತಪ್ರಿಯರೂ ತೆಗೆದರು: ಮಗುಚಿದರೆ ಅದು ಒಂದೇ ಆಕಾರ ಹೇಗಾಯಿತು ಅಂತ. ಅದೇ ನಾಲ್ವರು 2023ರ ಮೇ ತಿಂಗಳಲ್ಲಿ ಸ್ಪೆಕ್ಟರ್ ಅನ್ನುವ ಇನ್ನೊಂದು ಆಕಾರ ಕೊಟ್ಟರು. 14 ಬದಿ, ಎಲ್ಲಾ ಒಂದೇ ಉದ್ದ, ಬದಿಗಳನ್ನು ಸ್ವಲ್ಪ ಬಾಗಿಸಿದರೆ ಕನ್ನಡಿ ರೂಪ ಕೂರುವುದೇ ಇಲ್ಲ. ಅದಕ್ಕೆ ಒಂದೇ ಅಚ್ಚು ಸಾಕು. ನೀವು ಮಾಡಿಸುವುದಾದರೆ ಸ್ಪೆಕ್ಟರ್ ಮಾಡಿಸಿ. ಕಣ್ಣಂದಾಜಿನಲ್ಲಿ ಹಾಸಲು ಹೋಗಬೇಡಿ, ನಡುವೆ ಎಲ್ಲೋ ಕಲ್ಲು ಕೂರದೆ ಸಿಕ್ಕಿಬೀಳುತ್ತೀರಿ. ಅಂಗಳದ ಅಳತೆಗೆ ಪ್ಲಾನ್ ಪ್ರಿಂಟ್ ತೆಗೆದು, ಅದನ್ನು ನೋಡಿಕೊಂಡು ಹಾಸಿ. ಹಾಸಿದರೆ ಫೋಟೋ ಕಳಿಸಿ, ಇಲ್ಲಿ ಹಾಕುತ್ತೇವೆ.

ಪ್ರಶ್ನೆ: ಯಾವ ನಕ್ಷೆಗಾದರೂ ನಾಲ್ಕು ಬಣ್ಣ ಸಾಕು ಅಂತ ಟೀಚರ್ ಹೇಳಿದರು. ಅದು ಹಳೆಯ ವಿಷಯ ಅಂತೆ. ಬಣ್ಣ ಹಚ್ಚುವುದರಲ್ಲಿ ಹೊಸತು ಏನಾದರೂ ಇದೆಯಾ ಸರ್? (ಹೈಸ್ಕೂಲ್ ವಿದ್ಯಾರ್ಥಿನಿ, ಪೆರ್ಲ)

ಉತ್ತರ: ಟೀಚರ್ ಹೇಳಿದ್ದು ಸರಿ. 1852ರಲ್ಲಿ ಫ್ರಾನ್ಸಿಸ್ ಗಥ್ರಿ ಅನ್ನುವವರು ಇಂಗ್ಲೆಂಡಿನ ಕೌಂಟಿಗಳಿಗೆ ಬಣ್ಣ ಹಚ್ಚುವಾಗ ಎದ್ದ ಪ್ರಶ್ನೆ ಅದು. 1976ರಲ್ಲಿ ಆ್ಯಪೆಲ್ ಮತ್ತು ಹಾಕೆನ್ ಕಂಪ್ಯೂಟರ್ ಬಳಸಿ ಸಾಧಿಸಿದರು. ನೀನು ಒಂದು ಕೆಲಸ ಮಾಡಿ ನೋಡು. ಕರ್ನಾಟಕ ಮತ್ತು ಅದರ ಸುತ್ತಲಿನ ಆರು ರಾಜ್ಯಗಳಿಗೆ, ಅಂದರೆ ನಮ್ಮ ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ, ಗೋವಾ, ಇಷ್ಟಕ್ಕೆ ಬಣ್ಣ ಹಚ್ಚು. ಗಡಿ ಹಂಚಿಕೊಂಡವರಿಗೆ ಬೇರೆ ಬೇರೆ ಬಣ್ಣ. ಮೂರೇ ಬಣ್ಣ ಸಾಕಾಗುತ್ತದೆ. ಯಾಕೆ ಅಂತ ಯೋಚಿಸು: ಕೇರಳಕ್ಕೂ ಗೋವಾಕ್ಕೂ ಗಡಿ ಇಲ್ಲ, ನಡುವೆ ಇರುವುದು ಕರ್ನಾಟಕದ ಕರಾವಳಿ. ಗಡಿ ಇದ್ದು ಸುತ್ತು ಪೂರ್ತಿ ಮುಚ್ಚಿದ್ದರೂ ಆರು ಸಮಸಂಖ್ಯೆ, ಮೂರೇ ಸಾಕಿತ್ತು. ಸುತ್ತಲಿನವರು ಐದು ಅಥವಾ ಏಳು ಇದ್ದು ಸುತ್ತು ಮುಚ್ಚಿದ್ದರೆ ನಾಲ್ಕನೆಯ ಬಣ್ಣ ಬೇಕಾಗುತ್ತಿತ್ತು.

ಹೊಸತು ಅಂದೆಯಲ್ಲ, ಇದನ್ನು ಕೇಳು. ನಕ್ಷೆ ಬಿಡು. ಕೊನೆಯೇ ಇಲ್ಲದ ಒಂದು ಬಿಳಿ ಹಾಳೆ ಇದೆ ಅಂದುಕೋ. ಅದರ ಪ್ರತಿಯೊಂದು ಬಿಂದುವಿಗೂ ಬಣ್ಣ ಹಚ್ಚಬೇಕು. ನಿಯಮ ಒಂದೇ: ಸರಿಯಾಗಿ ಒಂದು ಇಂಚು ದೂರದಲ್ಲಿರುವ ಯಾವ ಎರಡು ಬಿಂದುಗಳಿಗೂ ಒಂದೇ ಬಣ್ಣ ಇರಬಾರದು. ಎಷ್ಟು ಬಣ್ಣ ಬೇಕು? 1950ರಲ್ಲಿ ಎಡ್ವರ್ಡ್ ನೆಲ್ಸನ್ ಅನ್ನುವ ವಿದ್ಯಾರ್ಥಿ ಕೇಳಿದ ಪ್ರಶ್ನೆ. ಇವತ್ತಿಗೂ ಉತ್ತರ ಇಲ್ಲ.

ಎರಡು ಬಣ್ಣ ಸಾಲುವುದಿಲ್ಲ. ಒಂದು ಇಂಚಿನ ಸಮಬಾಹು ತ್ರಿಕೋನ ಬರೆ, ಮೂರು ಮೂಲೆಗೂ ಬೇರೆ ಬೇರೆ ಬಣ್ಣ ಬೇಕೇ ಬೇಕು. ಮೂರು ಸಾಕಾ? ಸಾಕು ಅಂತಲೇ ಇಟ್ಟುಕೋ. ಆ ತ್ರಿಕೋನದ ಒಂದು ಬದಿಗೆ ಅಂಥದ್ದೇ ಇನ್ನೊಂದು ತ್ರಿಕೋನ ಅಂಟಿಸು. ಎರಡೂ ತುದಿಯ ಮೂಲೆಗಳಿಗೆ ಒಂದೇ ಬಣ್ಣ ಬರಬೇಕಾಗುತ್ತದೆ, ಉಳಿದ ಎರಡು ಬಣ್ಣ ನಡುವಿನ ಬದಿಯಲ್ಲಿ ಖರ್ಚಾಗಿರುತ್ತವೆ. ಆ ತುದಿಗಳ ನಡುವಿನ ದೂರ 3ರ ವರ್ಗಮೂಲ, ಅಂದರೆ ಸುಮಾರು 1.73 ಇಂಚು. ಹಾಗಾದರೆ ಒಂದು ಬಿಂದುವಿನಿಂದ 1.73 ಇಂಚು ದೂರದ ಇಡೀ ವೃತ್ತಕ್ಕೆ ಆ ಬಿಂದುವಿನ ಬಣ್ಣವೇ ಬರಬೇಕು. ಆದರೆ ಆ ವೃತ್ತದ ಮೇಲೆಯೇ ಒಂದು ಇಂಚು ದೂರದ ಎರಡು ಬಿಂದು ಸಿಗುತ್ತವೆ ಅಲ್ವಾ? ಅವಕ್ಕೆ ಒಂದೇ ಬಣ್ಣ ಬಂತು, ನಿಯಮ ಮುರಿಯಿತು. ಅಲ್ಲಿಗೆ ಮೂರು ಸಾಲುವುದಿಲ್ಲ. ಈ ವಾದಕ್ಕೆ ಬೇಕಾದದ್ದು 7 ಚುಕ್ಕೆ, 11 ಗೆರೆಯ ಒಂದು ಗ್ರಾಫ್, ಅಷ್ಟೇ. ಪೆನ್ಸಿಲ್, ಕೈವಾರ ಇದ್ದರೆ ನಿನ್ನ ನೋಟ್‌ಬುಕ್ಕಲ್ಲೇ ಬರೆಯಬಹುದು.

ಇನ್ನೊಂದು ಕಡೆಯಿಂದ, ಮೂಲೆಯಿಂದ ಎದುರು ಮೂಲೆಗೆ ಒಂದು ಇಂಚಿಗಿಂತ ಸ್ವಲ್ಪ ಕಡಿಮೆ ಇರುವ ಷಡ್ಭುಜಗಳನ್ನು ಹಾಸಿ ಏಳು ಬಣ್ಣ ಹಚ್ಚಿದರೆ ನಿಯಮ ಮುರಿಯುವುದಿಲ್ಲ. ಹಾಗಾಗಿ ಉತ್ತರ 4, 5, 6 ಅಥವಾ 7. ಅರುವತ್ತಕ್ಕೂ ಜಾಸ್ತಿ ವರ್ಷ ಅಲ್ಲೇ ನಿಂತಿತ್ತು. 2018ರ ಏಪ್ರಿಲಿನಲ್ಲಿ ಆಬ್ರಿ ಡಿ ಗ್ರೇ ಅನ್ನುವವರು, ಇವರ ವೃತ್ತಿ ಮುಪ್ಪಿನ ಬಗ್ಗೆ ಜೀವವಿಜ್ಞಾನದ ಸಂಶೋಧನೆ, 1581 ಚುಕ್ಕೆಗಳ ಒಂದು ಗ್ರಾಫ್ ಕಟ್ಟಿ ನಾಲ್ಕು ಬಣ್ಣವೂ ಸಾಲುವುದಿಲ್ಲ ಅಂತ ತೋರಿಸಿದರು. ಆಮೇಲೆ ಬೇರೆಯವರು ಅದನ್ನು 509 ಚುಕ್ಕೆಗೆ ಇಳಿಸಿದರು. ಈಗ ಉಳಿದದ್ದು 5, 6, 7. ಯಾವುದು ಅಂತ ಯಾರಿಗೂ ಗೊತ್ತಿಲ್ಲ. ನಿನ್ನ ಟೀಚರಿಗೂ ತೋರಿಸು.

ಪ್ರಶ್ನೆ: ಕಂಪ್ಯೂಟರ್, ಎಐ ಎಲ್ಲಾ ಬಂದ ಮೇಲೆ ಗಣಿತಜ್ಞರಿಗೆ ಉಳಿದ ಕೆಲಸ ಏನು? (ನಿವೃತ್ತ ಅಧ್ಯಾಪಕರು, ಮುಳ್ಳೇರಿಯ)

ಉತ್ತರ: ಒಂದೇ ಒಂದು ಸಂಖ್ಯೆಯ ವಿಷಯ ಹೇಳುತ್ತೇನೆ ಸರ್. ಒಂದು ಮದುವೆಗೆ ಎಷ್ಟು ಜನ ಬಂದರೆ, ಅವರಲ್ಲಿ ಪರಸ್ಪರ ಎಲ್ಲರೂ ಪರಿಚಯ ಇರುವ ಮೂವರು, ಇಲ್ಲವೇ ಯಾರಿಗೆ ಯಾರೂ ಪರಿಚಯ ಇಲ್ಲದ ಮೂವರು ಖಂಡಿತ ಸಿಗುತ್ತಾರೆ? ಉತ್ತರ 6. ಮೂವರ ಬದಲು ನಾಲ್ವರು ಅಂದರೆ 18. ಐವರು ಅಂದರೆ? ಗೊತ್ತಿಲ್ಲ. 43ರಿಂದ 46ರ ಒಳಗೆ ಇದೆ ಅಂತ ಮಾತ್ರ ಗೊತ್ತು. 46ರ ಮಿತಿಯೂ ಬಂದದ್ದು 2024ರಲ್ಲಿ, ಆಂಗೆಲ್ಟ್‌ವೈಟ್ ಮತ್ತು ಮೆಕೇ ಅವರಿಂದ. 43 ಜನರಲ್ಲಿ 903 ಜೋಡಿ. ಪ್ರತಿ ಜೋಡಿಗೂ ಪರಿಚಯ ಇದೆ, ಇಲ್ಲ ಅಂತ ಎರಡು ಸಾಧ್ಯತೆ. ಒಟ್ಟು ಸಾಧ್ಯತೆಗಳ ಸಂಖ್ಯೆ ಬರೆದರೆ 272 ಅಂಕಿ ಆಗುತ್ತದೆ. ಯಾವ ಕಂಪ್ಯೂಟರೂ ಒಂದೊಂದಾಗಿ ನೋಡಿ ಮುಗಿಸಲಾರದು.

ಸಾಮಾನ್ಯ ರೂಪದಲ್ಲಿ, ಗುಂಪಿನ ಗಾತ್ರ ಒಂದೊಂದೇ ಹೆಚ್ಚಿದಾಗ ಬೇಕಾದ ಜನರ ಮಿತಿ ಹೆಚ್ಚುಕಮ್ಮಿ ನಾಲ್ಕು ಪಟ್ಟು ಏರುತ್ತದೆ ಅಂತ 1935ರಲ್ಲಿ ಎರ್ಡಿಶ್ ಮತ್ತು ಸೆಕೆರೆಶ್ ತೋರಿಸಿದ್ದರು. ಆ ನಾಲ್ಕನ್ನು ಕಡಿಮೆ ಮಾಡಲು 2023ರವರೆಗೆ ಆಗಲಿಲ್ಲ. ಆ ವರ್ಷ ಕಾಂಪೋಸ್, ಗ್ರಿಫಿತ್ಸ್, ಮಾರಿಸ್, ಸಹಸ್ರಬುದ್ಧೆ ಸೇರಿ ಅದನ್ನು 3.993ಕ್ಕೆ ತಂದರು. ಇಷ್ಟೇನಾ ಅನ್ನಿಸಬಹುದು. ಆದರೆ ಗೋಡೆ ಒಡೆದದ್ದೇ ದೊಡ್ಡದು, ಮರುವರ್ಷ ಬೇರೊಂದು ತಂಡ 3.8ಕ್ಕೆ ಇಳಿಸಿತು. ಈ 2023ರ ಪುರಾವೆಯನ್ನು ಲೀನ್ ಅನ್ನುವ ಸಾಫ್ಟ್‌ವೇರಿನಲ್ಲಿ ಸಾಲು ಸಾಲಾಗಿ ಬರೆದು ಸರಿ ಇದೆ ಅಂತ ಪರೀಕ್ಷಿಸಿದವರು ಭಾವಿಕ್ ಮೆಹ್ತಾ. ಉಪಾಯ ಮನುಷ್ಯರದ್ದು, ಪರೀಕ್ಷೆ ಯಂತ್ರದ್ದು. ಈಗ ಕೆಲಸ ಹೀಗೆ ಹಂಚಿಹೋಗುತ್ತಿದೆ, ಮುಂದೆ ಹಂಚಿಕೆ ಬದಲಾಗಬಹುದು, ಆದರೆ ಪ್ರಶ್ನೆಗಳಿಗೇನೂ ಬರ ಇಲ್ಲ.

ಪ್ರಶ್ನೆ: ರಾಮಾನುಜನ್ ಹುಟ್ಟಿದ್ದು ನಮ್ಮ ಈರೋಡಿನಲ್ಲಿ. ಡಿಸೆಂಬರ್ 22 ಬಂದಾಗ ಭಾಷಣ ಆಗುತ್ತದೆ. ಅವರ ಗಣಿತ ಈಗಲೂ ಬಳಕೆಯಲ್ಲಿ ಇದೆಯಾ? (ತಾಳವಾಡಿ, ಈರೋಡು ಜಿಲ್ಲೆ)

ಉತ್ತರ: ಇದೆ. ಅದೂ ಅವರು ಕನಸಿನಲ್ಲೂ ಕಾಣದ ಜಾಗದಲ್ಲಿ. ಗ್ರಾಫ್ ಥಿಯರಿಯಲ್ಲಿ ರಾಮಾನುಜನ್ ಗ್ರಾಫ್ ಅಂತಲೇ ಒಂದು ಬಗೆ ಇದೆ.

ನೂರಾರು ಊರು ಇವೆ, ಪ್ರತಿ ಊರಿನಿಂದ ಸರಿಯಾಗಿ ಮೂರೇ ರಸ್ತೆ ಮಾಡಲು ಅವಕಾಶ ಅಂದುಕೊಳ್ಳಿ. ರಸ್ತೆ ಹೇಗೆ ಹಾಕಿದರೆ ಯಾವ ಊರೂ ಮೂಲೆಗುಂಪಾಗದೆ, ಎಲ್ಲಿಂದ ಎಲ್ಲಿಗಾದರೂ ಬೇಗ ಹೋಗಬಹುದು, ಒಂದೆರಡು ರಸ್ತೆ ಕೆಟ್ಟರೂ ಜಾಲ ತುಂಡಾಗುವುದಿಲ್ಲ? ಚಿತ್ರ ನೋಡಿ ಹೇಳುವುದು ಕಷ್ಟ. ಆದರೆ ಯಾವ ಊರಿನಿಂದ ಯಾವ ಊರಿಗೆ ರಸ್ತೆ ಇದೆ, ಇಲ್ಲ ಅಂತ 0 ಮತ್ತು 1 ಹಾಕಿ ಒಂದು ಮ್ಯಾಟ್ರಿಕ್ಸ್ ಬರೆದರೆ, ಆ ಮ್ಯಾಟ್ರಿಕ್ಸಿಗೆ ಕೆಲವು ವಿಶೇಷ ಸಂಖ್ಯೆಗಳಿರುತ್ತವೆ. ಐಗನ್ ವ್ಯಾಲ್ಯೂ ಅಂತ ಬಿಎಸ್ಸಿಯಲ್ಲಿ ಓದುತ್ತಾರೆ. ಮೊದಲನೆಯದು ಯಾವಾಗಲೂ 3. ಎರಡನೆಯದು ಎಷ್ಟು ಚಿಕ್ಕದೋ ಜಾಲ ಅಷ್ಟು ಗಟ್ಟಿ. ಬೇಕಾದಷ್ಟು ಚಿಕ್ಕದು ಮಾಡಲು ಆಗುವುದಿಲ್ಲ, ಒಂದು ಗಡಿ ಇದೆ: ಪ್ರತಿ ಊರಿನ ರಸ್ತೆಗಳಲ್ಲಿ ಒಂದು ಕಳೆದು, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ಮೂರು ರಸ್ತೆಗೆ ಅದು ಸುಮಾರು 2.83. ಆ ಗಡಿಯ ಒಳಗೆ ಇರುವವೇ ರಾಮಾನುಜನ್ ಗ್ರಾಫುಗಳು.

ಅವರ ಹೆಸರು ಯಾಕೆ ಬಂತು? 1916ರಲ್ಲಿ ರಾಮಾನುಜನ್ ಟೌ ಅನ್ನುವ ಒಂದು ಸಂಖ್ಯಾಸರಣಿಯ ಬಗ್ಗೆ ಊಹೆ ಮಾಡಿದ್ದರು. 1, -24, 252 ಹೀಗೆ ಹೋಗುವ ಆ ಸರಣಿಗೂ ರಸ್ತೆಗೂ ಯಾವ ಸಂಬಂಧವೂ ಕಾಣುವುದಿಲ್ಲ. ಅದರಲ್ಲೂ ಎರಡರಿಂದ ಗುಣಿಸಿದ ವರ್ಗಮೂಲದ ಮಾದರಿಯದ್ದೇ ಒಂದು ಗಡಿ ಬರುತ್ತದೆ. 1974ರಲ್ಲಿ ಡೆಲಿನ್ ಅದನ್ನು ಸಾಧಿಸಿದರು. 1988ರಲ್ಲಿ ಲುಬೋಟ್ಸ್ಕಿ, ಫಿಲಿಪ್ಸ್, ಸಾರ್ನಾಕ್ ಮೂವರೂ ಈ ಬಗೆಯ ಊಹೆಗಳ ಫಲಿತಾಂಶವನ್ನೇ ಆಧಾರ ಮಾಡಿಕೊಂಡು ಇಂಥ ಗ್ರಾಫುಗಳನ್ನು ಕಟ್ಟಿ ತೋರಿಸಿದರು. ಅವುಗಳಿಗೆ ಆ ಹೆಸರು ಹಾಗೆ ಬಂತು.

ತೀರಾ ಹೊಸ ಸುದ್ದಿ ಇದು. ರಸ್ತೆಗಳನ್ನು ಚೀಟಿ ಎತ್ತಿದ ಹಾಗೆ ಮನಸ್ಸಿಗೆ ಬಂದಂತೆ ಹಾಕಿದರೆ ಎಷ್ಟು ಸಲ ರಾಮಾನುಜನ್ ಗ್ರಾಫ್ ಬರುತ್ತದೆ? ಸಾರ್ನಾಕ್ ಮತ್ತು ನೋಗಾ ಅಲಾನ್ 1980ರ ದಶಕದಲ್ಲೇ ಇದರ ಮೇಲೆ ಬಾಜಿ ಕಟ್ಟಿದ್ದರು, ಒಬ್ಬರು ಹೆಚ್ಚುಕಮ್ಮಿ ಯಾವಾಗಲೂ, ಇನ್ನೊಬ್ಬರು ಹೆಚ್ಚುಕಮ್ಮಿ ಯಾವತ್ತೂ ಇಲ್ಲ ಅಂತ. 2024ರ ಡಿಸೆಂಬರಿನಲ್ಲಿ ಹುವಾಂಗ್, ಮೆಕೆಂಜಿ, ಯಾವ್ ಉತ್ತರ ಕೊಟ್ಟರು: ಗ್ರಾಫ್ ದೊಡ್ಡದಾದಂತೆ ಸುಮಾರು 69 ಶೇಕಡಾ. ಇಬ್ಬರೂ ಸೋತರು. ಮುಂದಿನ ಡಿಸೆಂಬರ್ 22ರ ಭಾಷಣಕ್ಕೆ ಇದನ್ನು ಖಂಡಿತ ಸೇರಿಸಿ. ಮಕ್ಕಳಿಗೆ 1729ರ ಟ್ಯಾಕ್ಸಿ ಕತೆ ಮಾತ್ರ ಹೇಳಿ ಮುಗಿಸುವುದು ರಾಮಾನುಜನ್ ಅವರಿಗೆ ಸಾಲುವುದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಇದರಿಂದೆಲ್ಲ ನಮ್ಮಂಥ ಕೃಷಿಕರಿಗೆ ಏನು ಲಾಭ? (ಬದಿಯಡ್ಕ)

ಉತ್ತರ: ನೇರ ಲಾಭ ಇಲ್ಲ. ಅಡಿಕೆ ರೇಟು ಇದರಿಂದ ಏರುವುದಿಲ್ಲ. ಆದರೆ ನೀವು ಈ ಪ್ರಶ್ನೆ ಕಳಿಸಿದ್ದು ಮೊಬೈಲಿನಿಂದ. 5ಜಿಯಲ್ಲಿ ಡೇಟಾ ತಪ್ಪಿಲ್ಲದೆ ತಲುಪಲು ಬಳಸುವ ಒಂದು ಬಗೆಯ ಕೋಡ್, ಗೆರೆಗಳು ಕಡಿಮೆ ಇರುವ ಗ್ರಾಫಿನ ಮೇಲೆಯೇ ನಿಂತಿದೆ. ರಾಬರ್ಟ್ ಗ್ಯಾಲಗರ್ 1960ರ ದಶಕದ ಆರಂಭದಲ್ಲಿ ಅದನ್ನು ಬರೆದಿಟ್ಟರು. ಸುಮಾರು ಮೂವತ್ತು ವರ್ಷ ಅದನ್ನು ಕೇಳಿದವರೇ ಕಡಿಮೆ. ಪೆನ್‌ರೋಸ್ ಹಾಸಿನದ್ದೂ ಹಾಗೆ: 1982ರಲ್ಲಿ ಡಾನ್ ಶೆಖ್ಟ್‌ಮನ್ ಒಂದು ಮಿಶ್ರಲೋಹದಲ್ಲಿ ಪರಮಾಣುಗಳು ರಿಪೀಟ್ ಆಗದ ರೀತಿಯಲ್ಲಿ ಕೂತದ್ದನ್ನು ಕಂಡರು, 2011ರಲ್ಲಿ ಅದಕ್ಕೆ ನೊಬೆಲ್ ಬಂತು, ಅದರ ಗಣಿತ ಮೊದಲೇ ಸಿದ್ಧವಿತ್ತು. ಯಾವುದು ಯಾವಾಗ ಬೇಕಾಗುತ್ತದೆ ಅಂತ ಮುಂಚೆ ಹೇಳಲು ಆಗುವುದಿಲ್ಲ. ಹಾಗಾಗಿ ಲಾಭದ ಲೆಕ್ಕ ಇಟ್ಟುಕೊಂಡು ಇದನ್ನು ಆರಿಸಿ ಮಾಡಲು ಬರುವುದಿಲ್ಲ.

ಪ್ರಶ್ನೆ: ಸರ್, ನಾನು ಕಾಸರಗೋಡಿನಲ್ಲಿ ಬಿಎಸ್ಸಿ ಗಣಿತ ಎರಡನೇ ವರ್ಷ. ಹತ್ತರವರೆಗೆ ಕನ್ನಡ ಮೀಡಿಯಂ. ಸಂಶೋಧನೆ ಮಾಡುವ ಆಸೆ. ಸಂಶೋಧನಾ ಲೇಖನ ನನಗೆ ಅರ್ಥ ಆಗುತ್ತದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಅರ್ಥ ಆಗುತ್ತದೆ, ಸರಿಯಾದದ್ದನ್ನು ಆರಿಸಿದರೆ. ಮೀಡಿಯಂ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಗಣಿತದ ಲೇಖನದ ಇಂಗ್ಲಿಷ್ ತುಂಬಾ ಸೀಮಿತ, ನಾಲ್ಕೈದು ಲೇಖನ ಓದುವಷ್ಟರಲ್ಲಿ ಅದೇ ಪದಗಳು ಮತ್ತೆ ಮತ್ತೆ ಬರುತ್ತವೆ. ನಾನು ಈ ಅಂಕಣದಲ್ಲಿ ಹೇಳಿದ ಹೊಸ ಲೇಖನಗಳೆಲ್ಲ ಆರ್ಕೈವ್ (arXiv) ಅನ್ನುವ ತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತವೆ. 1991ರಿಂದ ಅದು ನಡೆಯುತ್ತಿದೆ. ದೊಡ್ಡ ಲೈಬ್ರರಿ ಇಲ್ಲದ ನಮ್ಮಂಥ ಊರಿಗೆ ಇದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ.

ಎಂಎಸ್ಸಿಗೆ ದೂರ ಹೋಗಲು ಆಗದಿದ್ದರೆ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೇ ಗಣಿತ ವಿಭಾಗ ಇದೆ. ಐಐಟಿ, ಐಐಎಸ್ಸಿ ಕಡೆ ಆಸೆ ಇದ್ದರೆ ಜಾಮ್ ಅನ್ನುವ ಪ್ರವೇಶ ಪರೀಕ್ಷೆಗೆ ಈಗಿನಿಂದಲೇ ತಯಾರಿ ಮಾಡಿ. ಎಂಟಿಟಿಎಸ್ ಅಂತ ಬೇಸಿಗೆಯಲ್ಲಿ ಒಂದು ಶಿಬಿರ ನಡೆಯುತ್ತದೆ, 1993ರಿಂದ ಇದೆ. ಅಲ್ಲಿ ಬಾಯಿಪಾಠ ನಡೆಯುವುದಿಲ್ಲ, ಬೋರ್ಡಿಗೆ ಕರೆದು ಯೋಚಿಸಲು ಹಚ್ಚುತ್ತಾರೆ. ಅದಕ್ಕೆ ಅರ್ಜಿ ಹಾಕಿ.

ಮೊದಲ ಲೇಖನ ಯಾವುದು ಅಂದರೆ ನಾನು ಹಾವೊ ಹುವಾಂಗ್ ಅವರ 2019ರ ಲೇಖನ ಓದಿ ಅನ್ನುತ್ತೇನೆ. ಕಂಪ್ಯೂಟರ್ ವಿಜ್ಞಾನದಲ್ಲಿ 1992ರಿಂದ ಎಲ್ಲರನ್ನೂ ಕಾಡಿದ್ದ ಸೆನ್ಸಿಟಿವಿಟಿ ಊಹೆಯನ್ನು ಅದು ಸಾಧಿಸಿತು, ಮುಖ್ಯ ವಾದ ಎರಡೇ ಪುಟದ್ದು. ವಿಷಯ ಹೀಗೆ. ಒಂದು ಘನಕ್ಕೆ 8 ಮೂಲೆ. ಅದರಲ್ಲಿ 4 ಮೂಲೆಗಳನ್ನು ಒಂದಕ್ಕೊಂದು ಪಕ್ಕದಲ್ಲಿ ಇಲ್ಲದ ಹಾಗೆ ಆರಿಸಬಹುದು. ಆದರೆ ಅರ್ಧಕ್ಕಿಂತ ಒಂದು ಜಾಸ್ತಿ, ಅಂದರೆ 5 ಆರಿಸಿದರೆ, ಆರಿಸಿದ್ದರಲ್ಲಿ ಯಾವುದಾದರೂ ಒಂದು ಮೂಲೆಗೆ ಕನಿಷ್ಠ ಎರಡು ನೆರೆಯವರು ಆರಿಸಿದವರೇ ಆಗಿರುತ್ತಾರೆ. ಆಯಾಮ ಎಷ್ಟೇ ಏರಿಸಿದರೂ, ಅರ್ಧಕ್ಕಿಂತ ಒಂದು ಜಾಸ್ತಿ ಆರಿಸಿದರೆ ಆಯಾಮದ ವರ್ಗಮೂಲದಷ್ಟಾದರೂ ನೆರೆಯವರು ಯಾರಿಗಾದರೂ ಇದ್ದೇ ಇರುತ್ತಾರೆ ಅನ್ನುವುದು ಹುವಾಂಗ್ ಸಾಧಿಸಿದ್ದು. ಘನ ರೇಖಾಗಣಿತದ್ದು, ನೆರೆಯವರ ಲೆಕ್ಕ ಗ್ರಾಫಿನದ್ದು, ಪುರಾವೆ ಮಾತ್ರ ಪೂರ್ತಿ ಬೀಜಗಣಿತ: ಗ್ರಾಫಿನ ಮ್ಯಾಟ್ರಿಕ್ಸಿನಲ್ಲಿ ಕೆಲವು 1ಗಳನ್ನು ಜಾಣತನದಿಂದ -1 ಮಾಡುತ್ತಾರೆ, ಆಗ ಅದರ ವರ್ಗ ತೆಗೆದರೆ ಕರ್ಣದಲ್ಲಿ ಆಯಾಮದ ಸಂಖ್ಯೆ, ಉಳಿದ ಕಡೆಯೆಲ್ಲ ಸೊನ್ನೆ. ಅಲ್ಲಿಂದ ಐಗನ್ ವ್ಯಾಲ್ಯೂ ತಾನಾಗಿ ಸಿಗುತ್ತದೆ. ನಿಮ್ಮ ಎರಡನೇ ವರ್ಷದ ಲೀನಿಯರ್ ಆಲ್ಜೀಬ್ರಾದ ಜೊತೆ ಕೋಶಿಯ ಇಂಟರ್‌ಲೇಸಿಂಗ್ ಅನ್ನುವ ಒಂದು ಪ್ರಮೇಯ ಕಲಿತರೆ ಸಾಕು.

ಓದುವ ಮೊದಲು ಘನದಲ್ಲಿ 5 ಮೂಲೆ ಆರಿಸುವುದನ್ನು ಕೈಯಲ್ಲೇ ಮಾಡಿ ನೋಡಿ. ಆಮೇಲೆ ನಾಲ್ಕು ಆಯಾಮದ ಘನ, 16 ಮೂಲೆಯಲ್ಲಿ 9. ಲೇಖನದ ಮ್ಯಾಟ್ರಿಕ್ಸಿಗೆ ಬಂದಾಗ 4 ಅಡ್ಡಸಾಲು, 4 ಕಂಬಸಾಲಿನದ್ದರಿಂದ, ಅಂದರೆ ಎರಡು ಆಯಾಮದ ಚೌಕದಿಂದ, ಶುರು ಮಾಡಿ ನೀವೇ ವರ್ಗ ತೆಗೆಯಿರಿ. ಎಲ್ಲಾದರೂ ಸಿಕ್ಕಿಬಿದ್ದರೆ ಯಾವ ಸಾಲಿನಲ್ಲಿ ಅಂತ ಬರೆದು ಕಳಿಸಿ, ಆ ಸಾಲಿಗೇ ಉತ್ತರ ಬರೆಯುತ್ತೇನೆ.